ಕಾಲಂ 12ರಲ್ಲಿ ಸಿಕ್ಕ ತಾತ

ತಾತ ತೀರಿಕೊಂಡು ಆರು ತಿಂಗಳಾಗಿತ್ತು. ಚಿಕ್ಕಪ್ಪ ನನಗೊಂದು ಕೆಲಸ ಹಚ್ಚಿದರು. "ವರ್ಷದ ತಿಥಿಗೆ ನೆಂಟರೆಲ್ಲ ಬರ್ತಾರೆ. ತಾತನ ಮೇಲೆ ಒಂದು ಪುಸ್ತಕ ಮಾಡಪ್ಪ. ನಾಲ್ಕು ಪುಟ ಇದ್ರೆ ಸಾಕು."

ನಾಲ್ಕು ಪುಟ ತಾನೇ ಅಂದುಕೊಂಡೆ. ಒಂದೇ ರಾತ್ರಿ ಕೂತು ಬರೆದು ಮುಗಿಸಿದೆ. ಬೆಳಿಗ್ಗೆ ಓದಿದರೆ 'ಶ್ರಮಜೀವಿ' ಅನ್ನೋ ಪದ ಒಂಬತ್ತು ಸಲ ಬಂದಿತ್ತು. 'ಬೆವರು ಸುರಿಸಿ' ನಾಲ್ಕು ಸಲ. 'ಯಾರ ಮನೆ ಕೂಲಿಗೂ ಹೋದವರಲ್ಲ' ಅಂತ ಒಂದು ಹೆಮ್ಮೆಯ ಸಾಲು. ತಾತನ ಹೆಸರು ತೆಗೆದು ಪಕ್ಕದ ಮನೆಯ ತಾತನ ಹೆಸರು ಹಾಕಿದ್ದರೂ ಏನೂ ವ್ಯತ್ಯಾಸ ಆಗುತ್ತಿರಲಿಲ್ಲ. ಹರಿದು ಹಾಕಿದೆ.

ಆಮೇಲೆ ಎಲ್ಲರನ್ನೂ ಕೇಳುತ್ತಾ ಹೊರಟೆ. "ತಾತ ಹೇಗಿದ್ರು?" ಅಪ್ಪ ಹೇಳಿದ್ದು, "ತುಂಬಾ ಕಷ್ಟಪಟ್ಟ ಜೀವ." ಅತ್ತೆ ಹೇಳಿದ್ದು, "ಒಂದು ದಿನ ಸುಮ್ನೆ ಕೂತಿದ್ದು ನೋಡಿಲ್ಲ." ಊರಿನ ಹಿರಿಯರೊಬ್ಬರು ಹೇಳಿದ್ದು, "ಅಂಥ ದುಡಿಮೆಗಾರ ಇನ್ನು ಹುಟ್ಟಲ್ಲ ಬಿಡು." ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಎರಡು ಗಂಟೆಯ ಮಾತು. ಅದರಲ್ಲಿ ತಾತ ಮಾತ್ರ ಎಲ್ಲೂ ಇರಲಿಲ್ಲ.

ತಪ್ಪು ಅವರದ್ದಲ್ಲ, ನಾನು ಕೇಳಿದ ಪ್ರಶ್ನೆಯದ್ದು. ಅದು ಗೊತ್ತಾಗಿದ್ದು ಬೀಜ ಬಿತ್ತುವ ಕೂರಿಗೆಯಿಂದ.

ನಮ್ಮದು ಮಧುಗಿರಿ ಸೀಮೆ. ಮಳೆ ನಂಬಿದ ಹೊಲ, ರಾಗಿ, ಶೇಂಗಾ, ಹುರುಳಿ. ಹಳೇ ಮನೆಯ ಅಟ್ಟದಲ್ಲಿ ಏನಾದರೂ ಕಾಗದ ಸಿಗಬಹುದು ಅಂತ ಹತ್ತಿದ್ದೆ. ಕಾಗದದ ಟ್ರಂಕಿನ ಜೊತೆ ಮೂಲೆಯಲ್ಲಿ ಕೂರಿಗೆ ಬಿದ್ದಿತ್ತು. ಟ್ರಂಕು ಎಳೆಯಲು ಅಡ್ಡ ಬಂತು ಅಂತ ಅದನ್ನೂ ಕೆಳಗಿಳಿಸಿ ಅಂಗಳದಲ್ಲಿ ಇಟ್ಟೆ. ಅಜ್ಜಿ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕೂರಿಗೆ ನೋಡಿದ್ದೇ ಕೈ ನಿಂತಿತು.

"ಬಟ್ಟಲಿಗೆ ಬೀಜ ಬಿಡೋದು ನಿಮ್ ತಾತಂಗೆ ಬರ್ತಿರ್ಲಿಲ್ಲ ಕಣ್ ಮಗಾ. ನಾನೇ ಬಿಡ್ತಿದ್ದೆ."

ನಾನು ಬೆಚ್ಚಿದೆ. ಯಾರೂ ಹೇಳದ ಮಾತಿದು. ರಾಗಿ ಬೀಜ ಸಣ್ಣದು. ಮುಷ್ಟಿ ಸಡಿಲಾದರೆ ಪೈರು ಒತ್ತಾಗಿ ಹುಟ್ಟುತ್ತದೆ, ಬಿಗಿಯಾದರೆ ಸಾಲು ಬರಿದಾಗುತ್ತದೆ. ಎತ್ತಿನ ನಡಿಗೆಗೆ ಸರಿಯಾಗಿ ಬೆರಳ ಸಂದಿಯಿಂದ ಕೂರಿಗೆಯ ಬಟ್ಟಲಿಗೆ ಬೀಜ ಇಳಿಯಬೇಕು. ತಾತನ ಕೈ ದೊಡ್ಡದು, ಅವಸರದ್ದು. ಹಾಗಾಗಿ ತಾತ ಎತ್ತು ಹೊಡೆಯುತ್ತಿದ್ದರು, ಅಜ್ಜಿ ಬೀಜ ಬಿಡುತ್ತಿದ್ದರು, ಹಿಂದೆ ತಾತನ ತಂಗಿ ಬೀಜ ಇಳಿಸುವ ಕೊಳವೆ, ಸೆಡ್ಡೆ ಹಿಡಿದು ರಾಗಿ ನಡುವಿನ ಅಕ್ಕಡಿ ಸಾಲಿಗೆ ಅವರೆ, ತೊಗರಿ ಹಾಕುತ್ತಿದ್ದರು. ಒಂದು ಸಲ ಅಜ್ಜಿಗೆ ಜ್ವರ ಬಂದು ತಾತನೇ ಬಿತ್ತಿದರಂತೆ. ಆ ವರ್ಷದ ಹೊಲ ನೋಡಿ ಊರೆಲ್ಲ ನಕ್ಕಿದ್ದನ್ನು ಅಜ್ಜಿ ಇನ್ನೂ ನಗುತ್ತಲೇ ಹೇಳಿದರು.

ಅವತ್ತಿನಿಂದ ನಾನು 'ತಾತ ಹೇಗಿದ್ರು' ಅಂತ ಕೇಳುವುದನ್ನೇ ಬಿಟ್ಟೆ. ಕೆಲಸ ಕೇಳಲು ಶುರು ಮಾಡಿದೆ. ಕಣ ಹೇಗೆ ಮಾಡ್ತಿದ್ರಿ? ಮೆದೆ ಯಾರು ಒಟ್ತಿದ್ರು? ಹಗೇವಿಗೆ ಯಾರು ಇಳೀತಿದ್ರು? ಇಂಥ ಪ್ರಶ್ನೆಗೆ ಯಾರೂ 'ಕಷ್ಟಪಟ್ಟ ಜೀವ' ಅಂತ ಉತ್ತರ ಕೊಡಲು ಆಗಲ್ಲ, ಅಲ್ವಾ? ನೆಲದೊಳಗೆ ಧಾನ್ಯ ತುಂಬಿಡುವ ಆ ಹಗೇವಿನ ವಿಷಯ ಬಂದಾಗ ಅಪ್ಪನಿಗೆ ನೆನಪಾಯಿತು. ಬಾಯಿ ತೆಗೆದ ದಿನ ತಾತ ಯಾರನ್ನೂ ಇಳಿಯಲು ಬಿಡುತ್ತಿರಲಿಲ್ಲವಂತೆ. ಗಾಳಿಯಾಡಲು ಬಿಟ್ಟು, ಆಮೇಲೆ ದೀಪ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ನೋಡುತ್ತಿದ್ದರಂತೆ. ದೀಪ ಆರಿದರೆ ಒಳಗೆ ಉಸಿರಿಗೆ ಗಾಳಿಯಿಲ್ಲ ಅಂತ ಅರ್ಥ. ಉರಿಯುತ್ತಲೇ ಇದ್ದರೂ ಮೊದಲು ಇಳಿಯುತ್ತಿದ್ದದ್ದು ತಾತನೇ. ಮಕ್ಕಳನ್ನು ಮುದ್ದು ಮಾಡಿದ್ದು ಅಪ್ಪನಿಗೆ ನೆನಪಿಲ್ಲ. ಇದು ನೆನಪಿದೆ.

ರೆಕಾರ್ಡಿಂಗ್ ಬಗ್ಗೆ ಎರಡು ಮಾತು. ಫೋನನ್ನು ಎದುರಿಗೆ ಹಿಡಿದರೆ ಅಜ್ಜಿ ಭಾಷಣದ ದನಿಗೆ ಬರುತ್ತಿದ್ದರು. ಅವರಿಗೆ ಹೇಳಿಯೇ ಪಕ್ಕದ ಮೊರದಲ್ಲಿ ಇಟ್ಟುಬಿಡುತ್ತಿದ್ದೆ, ಸ್ವಲ್ಪ ಹೊತ್ತಿಗೆ ಮರೆಯುತ್ತಿದ್ದರು. ಕೈಗೆ ಕೆಲಸ ಇದ್ದಾಗ ಮಾತು ಚೆನ್ನಾಗಿ ಬರುತ್ತಿತ್ತು. ಮುಕ್ಕಾಲು ಗಂಟೆ ದಾಟಿದರೆ ಸುಸ್ತಾಗಿ ಎಲ್ಲದಕ್ಕೂ 'ಹೂಂ' ಅನ್ನುತ್ತಿದ್ದರು. ಆ 'ಹೂಂ'ಗಳನ್ನು ನಂಬಿ ನಾನು ಎರಡು ತಪ್ಪು ಬರೆದಿದ್ದೆ.

ಇಸವಿಗಳದ್ದು ದೊಡ್ಡ ತಲೆನೋವು. ಮತದಾರರ ಚೀಟಿಯಲ್ಲಿ ತಾತ ಹುಟ್ಟಿದ್ದು 1932. ಆಧಾರ್ ಕಾರ್ಡಿನಲ್ಲಿ ಜನವರಿ 1. ಅದು ಯಾರೋ ಬರೆದುಕೊಂಡ ಲೆಕ್ಕ ಅಂತ ನೋಡಿದರೇ ಗೊತ್ತಾಗುತ್ತದೆ. ಅಜ್ಜಿ ಮಾತ್ರ ಖಚಿತವಾಗಿ ಹೇಳಿದರು, "ನಮ್ಮತ್ತೆ ಹೇಳ್ತಿದ್ರು, ಈಶ್ವರ ಸಂವತ್ಸರದಲ್ಲಿ ಹುಟ್ಟಿದ್ದು ಅಂತ." ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 1987ರ ಯುಗಾದಿಗೆ ಪ್ರಭವ ಬಂದಿತ್ತು. ಅಲ್ಲಿಂದ ಎಣಿಸಿದರೆ ಈಶ್ವರ 1997-98. ಅದರ ಹಿಂದಿನದ್ದು 1937-38. ಅದಕ್ಕೂ ಹಿಂದಿನದ್ದು 1877-78, ಹಳೇ ಮೈಸೂರಿನ ಜನ 'ಧಾತು ಈಶ್ವರದ ಬರ' ಅಂತ ಹೆದರಿ ನೆನೆಯುತ್ತಿದ್ದ ಕಾಲ. ತಾತ 1937-38ರವರು ಅಂತ ಇಟ್ಟುಕೊಂಡರೆ ಮಿಕ್ಕ ಲೆಕ್ಕವೆಲ್ಲ ಕೂಡಿತು. ಗಾಂಧಿ ಸತ್ತ ಸುದ್ದಿ ಬಂದಾಗ ದನ ಮೇಯಿಸುತ್ತಿದ್ದೆ ಅಂತ ತಾತ ಹೇಳುತ್ತಿದ್ದರು. 1948ರ ಜನವರಿಗೆ ಸುಮಾರು ಹತ್ತು ವರ್ಷ. ಸರಿಯಾಗುತ್ತದೆ.

ಆಣೆ ಲೆಕ್ಕ ಮಾತ್ರ ನನಗೆ ಕೈಕೊಟ್ಟಿತು. ಯಾವುದೋ ಕೂಲಿಯನ್ನು ಅಜ್ಜಿ 'ಎಂಟಾಣೆ' ಅಂದರು. ನಯಾಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ, ಆದ್ದರಿಂದ ಇದು ಅದಕ್ಕೂ ಮುಂಚಿನದು ಅಂತ ಬರೆದುಕೊಂಡೆ. ಆದರೆ 50 ಪೈಸೆಗೆ ಜನ ನಾನು ಸ್ಕೂಲಿಗೆ ಹೋಗುವಾಗಲೂ ಎಂಟಾಣೆ ಅನ್ನುತ್ತಿದ್ದರಲ್ಲ! ಅಳಿಸಿದೆ. ಮಳೆಯ ಹೆಸರು ಹೆಚ್ಚು ನೆರವಾಯಿತು. 'ಆರಿದ್ರೆ ಮಳೇಲಿ ನಿಮ್ಮತ್ತೆ ಹುಟ್ಟಿದ್ದು' ಅಂದರೆ ಜೂನ್ ಕೊನೆಯ ವಾರ ಅಥವಾ ಜುಲೈ ಮೊದಲ ವಾರ. ಅತ್ತೆಯ ಸ್ಕೂಲಿನ ದಾಖಲೆಗಿಂತ ಇದು ವಾಸಿ.

ಈಗ ಟ್ರಂಕಿಗೆ ಬರುತ್ತೇನೆ. ಒಳಗೆ ಕಂದಾಯ ಕಟ್ಟಿದ ರಶೀದಿಗಳು, ಸೊಸೈಟಿ ಸಾಲದ ಪಾಸ್ ಪುಸ್ತಕ, ಮತ್ತೆ ಭೂನ್ಯಾಯಮಂಡಳಿಯ ಆದೇಶದ ಪ್ರತಿ. ಹೊಲ ಮೊದಲು ತಾತನದ್ದಲ್ಲ, ಬೇರೆಯವರ ಹೊಲವನ್ನು ವಾರಕ್ಕೆ ಮಾಡುತ್ತಿದ್ದರು. ಬೆಳೆದದ್ದರಲ್ಲಿ ಅರ್ಧ ಒಡೆಯರಿಗೆ. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣೆ ಕಾಯಿದೆಯನ್ನು ಬಿಗಿ ಮಾಡಿದ ಮೇಲೆ ಗೇಣಿದಾರರು ಉಳುವ ಹೊಲ ತಮ್ಮದಾಗಲಿ ಅಂತ ನಮೂನೆ 7ರಲ್ಲಿ ಅರ್ಜಿ ಹಾಕಿದರು. ತಾತನೂ ಹಾಕಿದ್ದರು. ಆ ಆದೇಶದಲ್ಲಿ ಒಂದು ಮಾತು ನನ್ನ ಕಣ್ಣಿಗೆ ಬಿತ್ತು. ಪಹಣಿಯ ಉಳುಮೆದಾರರ ಕಾಲಮ್ಮಿನಲ್ಲಿ ಅರ್ಜಿದಾರರ ಹೆಸರಿದೆ ಅಂತ.

ಪಹಣಿಯ 9ನೇ ಕಾಲಮ್ಮಿನಲ್ಲಿ ಒಡೆಯರ ಹೆಸರು ಇರುತ್ತದೆ. 12ರಲ್ಲಿ ಉಳುವವರ ಹೆಸರು, ಮತ್ತೆ ಆ ವರ್ಷ ಏನು ಬೆಳೆ ಅನ್ನೋದು. ಈಗಿನ ಕಂಪ್ಯೂಟರ್ ಪಹಣಿ ಭೂಮಿ ಯೋಜನೆ ಬಂದ ಮೇಲಿನದ್ದು. ಅದಕ್ಕೂ ಹಿಂದಿನ ಕೈಬರಹದ ಪಹಣಿ ಬೇಕಾದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಬೇಕಿತ್ತು. ಸರ್ವೆ ನಂಬರ್ ಬರೆದು ಕೊಟ್ಟೆ. ನಾಲ್ಕು ಸಲ ಅಲೆದಾಡಿದೆ, ಅದನ್ನು ಇಲ್ಲಿ ಹೇಳಿ ಪ್ರಯೋಜನವಿಲ್ಲ. ಕೊನೆಗೆ ಜೆರಾಕ್ಸ್ ಸಿಕ್ಕಿತು. ಒಂದೊಂದು ವರ್ಷಕ್ಕೆ ಒಂದೊಂದು ಸಾಲು. ರಾಗಿ. ರಾಗಿ. ಶೇಂಗಾ. ರಾಗಿ. ಜಮೀನಿನ ವ್ಯಾಜ್ಯಕ್ಕೆ ಮಾತ್ರ ಬೇಕಾಗುವ ಕಾಗದ ಅಂದುಕೊಂಡಿದ್ದೆ. ಇಲ್ಲಿ ನೋಡಿದರೆ ತಾತನ ದಿನಚರಿ!

ಆ ಸಾಲುಗಳ ನಡುವೆ 1966-67ರ ಎದುರು ಬರೆದಿತ್ತು: ಬೀಳು.

ಒಂದು ದಿನವೂ ಸುಮ್ಮನೆ ಕೂರದ ಮನುಷ್ಯನ ಹೊಲ ಒಂದು ವರ್ಷ ಪೂರ್ತಿ ಬೀಳು. ಮರುವರ್ಷ ಹುರುಳಿ. ಅದರ ಮರುವರ್ಷ ಮತ್ತೆ ರಾಗಿ. ಅಪ್ಪನನ್ನು ಕೇಳಿದೆ. "ಮಳೆ ಇರ್ಲಿಲ್ವೇನೋ" ಅಂದು ಎದ್ದು ಹೋದರು. ಅಷ್ಟು ಬೇಗ ಎದ್ದದ್ದು ನೋಡಿ ನನಗೆ ಅನುಮಾನ ಬಂತು. ಅಜ್ಜಿ ಹತ್ತಿರ ಆ ಜೆರಾಕ್ಸ್ ಓದಿ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

"ಎತ್ತು ಇರ್ಲಿಲ್ಲ."

1965ರಲ್ಲಿ ಮಳೆ ಹೋಯಿತು. ಬಣವೆ ಖಾಲಿಯಾಯಿತು. ಮಾಡಿನ ಹುಲ್ಲನ್ನೂ ಎಳೆದು ಎತ್ತಿಗೆ ಹಾಕಿದರು. ಆಮೇಲೆ ಸಿದ್ಧಗಂಗೆ ಜಾತ್ರೆಗೆ ಜೋಡಿ ಎತ್ತು ಹೊಡೆದುಕೊಂಡು ಹೋಗಿ ಮಾರಿ ಬಂದರು. ಮೇವಿಲ್ಲದ ವರ್ಷ ಎಲ್ಲರೂ ಮಾರುವವರೇ, ಕೊಳ್ಳುವವರು ಯಾರು? ಎಷ್ಟಕ್ಕೆ ಹೋಯಿತು ಅಂತ ತಾತ ಸಾಯುವವರೆಗೂ ಅಜ್ಜಿಗೆ ಹೇಳಲಿಲ್ಲ. ಆ ವರ್ಷ ತಾತ ಘಟ್ಟಕ್ಕೆ ಹೋದರು. ಚಿಕ್ಕಮಗಳೂರು ಕಡೆಯ ಕಾಫಿ ತೋಟಕ್ಕೆ, ಕೂಲಿಗೆ. ಹತ್ತು ತಿಂಗಳು.

'ಯಾರ ಮನೆ ಕೂಲಿಗೂ ಹೋದವರಲ್ಲ' ಅನ್ನೋ ನಮ್ಮ ಮನೆಯ ಮಾತು ಎಲ್ಲಿಂದ ಹುಟ್ಟಿತು ಅಂತ ಅವತ್ತು ತಿಳಿಯಿತು.

ಬೀಳಾದ ಹೊಲವನ್ನು ಒಡೆಯರು ವಾಪಸ್ ತೆಗೆದುಕೊಳ್ಳಬಹುದು ಅನ್ನೋ ಭಯ ಅಜ್ಜಿಗೆ. ಎರಡು ಚಿಕ್ಕ ಮಕ್ಕಳು. ಎತ್ತಿಲ್ಲ. ಹಾಗಾಗಿ ಮುಯ್ಯಿಗೆ ಹೋದರು. ನೇಗಿಲು, ಎತ್ತು ಇದ್ದವರ ಹೊಲದಲ್ಲಿ ಕಳೆ ಕಿತ್ತರು, ಅವರ ಶೇಂಗಾ ಬಿಡಿಸಿದರು. ನಾಲ್ಕು ದಿನದ ಕೆಲಸಕ್ಕೆ ಒಂದು ದಿನದ ಎತ್ತು. ಮರುವರ್ಷ ಹುರುಳಿ ಬಿದ್ದದ್ದು ಹಾಗೆ. ಹುರುಳಿಗೆ ಹೆಚ್ಚು ಉಳುಮೆ ಬೇಡ, ತಡವಾದರೂ ನಡೆಯುತ್ತದೆ, ಬಡ ನೆಲವೂ ಆಗುತ್ತದೆ. ಪಹಣಿಯ 12ನೇ ಕಾಲಮ್ಮಿನಲ್ಲಿ ಆ ಹುರುಳಿಯ ಎದುರಿಗೂ ತಾತನ ಹೆಸರೇ ಇದೆ. ಮುಂದೆ ನ್ಯಾಯಮಂಡಳಿಯ ಮುಂದೆ ನಿಂತದ್ದೂ ಅದೇ ಹೆಸರು. ಬಿತ್ತಿದ್ದು ಅಜ್ಜಿ.

ಘಟ್ಟದಿಂದ ಬಂದ ದುಡ್ಡಿಗೆ ಒಂದೇ ಎತ್ತು ಬಂತು. ಪಕ್ಕದ ಹೊಲದವರದ್ದೂ ಒಂಟಿ ಎತ್ತು. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿ ಒಂದು ದಿನ ಇವರ ಹೊಲ, ಒಂದು ದಿನ ಅವರ ಹೊಲ. ಮೂರನೇ ವರ್ಷದ ರಾಗಿ ಅದು.

ಇದನ್ನೆಲ್ಲ ಬರೆದು ಅಪ್ಪನಿಗೆ ಕೊಟ್ಟೆ. "ಕೂಲಿ ವಿಷಯ ಯಾಕೆ? ನೆಂಟರ ಮುಂದೆ" ಅಂದರು. ಚಿಕ್ಕಪ್ಪನೂ ಅದನ್ನೇ ಅಂದರು. ನಾನು ಒಂದು ವಾರ ಒದ್ದಾಡಿದೆ. ಕೊನೆಗೆ ಅಜ್ಜಿಯನ್ನು ಕೇಳಿದೆ. "ಬರಿ. ಕಳ್ಳತನ ಮಾಡೋಕ್ ಹೋಗಿದ್ರಾ?" ಅಲ್ಲಿಗೆ ಮುಗಿಯಿತು.

ಅತ್ತೆಯದ್ದು ಇನ್ನೂ ಕಷ್ಟ ಆಯಿತು. ಬಾವಿಗೆ ಪಂಪ್‌ಸೆಟ್ ಬರುವ ಮುಂಚೆ ಕಪಿಲೆ ಇತ್ತು. ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ತೊಗಲಿನ ಚೀಲದಲ್ಲಿ ನೀರು ಮೇಲೆ ಬರುತ್ತದೆ. ತಾತ ಹಗ್ಗದ ಮೇಲೆ ಕೂತು ಭಾರ ಹಾಕಿ ಇಳಿಯುತ್ತಿದ್ದರು. ಆಮೇಲೆ ಎತ್ತು ಹಿಮ್ಮುಖವಾಗಿ ಮೇಲಕ್ಕೆ ನಡೆಯಬೇಕು. ಬೆಳಗಿನ ಜಾವದಿಂದ ಬಿಸಿಲೇರುವ ತನಕ ಇದೇ. ಕಪಿಲೆ ಹೊಡೆಯುವಾಗ ತಾತ ಹಾಡುತ್ತಿದ್ದರು ಅಂತ ಎಲ್ಲರೂ ಖುಷಿಯಿಂದ ಹೇಳಿದ್ದರು. ಆ ನೀರನ್ನು ಮಡಿಯಿಂದ ಮಡಿಗೆ ತಿರುಗಿಸುತ್ತಿದ್ದದ್ದು ಯಾರು ಅಂತ ನಾನು ಕೇಳಿದೆ. ಅತ್ತೆ. ಅದಕ್ಕಾಗಿಯೇ ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಡಿಸಿದರು. ಇಬ್ಬರು ತಮ್ಮಂದಿರೂ ಓದಿದರು. ಅತ್ತೆ ನಗುತ್ತಲೇ ಹೇಳಿದರು. ಆಮೇಲೆ, "ಹಾಡು ಚೆನ್ನಾಗಿತ್ತು. ಆದ್ರೆ ನಂಗೆ ಇವತ್ತಿಗೂ ಅದನ್ನ ಕೇಳೋಕಾಗಲ್ಲ" ಅಂದರು. ಈ ಮಾತು ಹಾಕಲಾ ಬೇಡವಾ ಅಂತ ಅವರನ್ನೇ ಕೇಳಿ, ಅವರು ಓದಿ ಒಪ್ಪಿದ ಮೇಲೆ ಹಾಕಿದೆ. ತಾತನನ್ನು ಚಿಕ್ಕವರನ್ನಾಗಿ ಮಾಡಬೇಕು ಅಂತ ಅಲ್ಲ. ಆ ಹಾಡನ್ನು ಹಾಕಿ ಅತ್ತೆಯನ್ನು ಬಿಟ್ಟರೆ ಅದು ಸುಳ್ಳಾಗುತ್ತಿತ್ತು.

ಉಳಿದದ್ದು ಬೇಗ ಮುಗಿಯಿತು. ಪಂಪ್‌ಸೆಟ್, ಚಿಕ್ಕಪ್ಪನ ಮದುವೆ, ಹೆಂಚಿನ ಮನೆ, ಬತ್ತಿದ ಬಾವಿ. ಇವಕ್ಕೆಲ್ಲ ಕಾಗದವೂ ಇತ್ತು, ನೆನಪೂ ಇತ್ತು. ಬರೆದಾಗ ಸಪ್ಪೆ ಅನ್ನಿಸಿತು. ಅರ್ಧಕ್ಕರ್ಧ ಕಡಿಮೆ ಮಾಡಿದೆ. ಒಟ್ಟು 34 ಪುಟ ಆಯಿತು. ಮೂರು ಫೋಟೋ, ಜೊತೆಗೆ ಆ ಪಹಣಿಯ ಜೆರಾಕ್ಸ್. 40 ಪ್ರತಿ ಮಾಡಿಸಿ ಬೈಂಡ್ ಮಾಡಿಸಿದೆ. 'ಶ್ರಮಜೀವಿ' ಒಂದು ಸಲವೂ ಇಲ್ಲ, ಎಣಿಸಿ ನೋಡಿದ್ದೇನೆ.

ತಿಥಿಯ ಹಿಂದಿನ ಸಂಜೆ ಅಜ್ಜಿಗೆ ಪೂರ್ತಿ ಓದಿ ಹೇಳಿದೆ. ಅವರಿಗೆ ಓದಲು ಬರುವುದಿಲ್ಲ. ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕೇಳಿದರು. ನಿದ್ದೆ ಬಂತೇನೋ ಅಂದುಕೊಂಡೆ. ಮುಗಿಸಿದ ಮೇಲೆ ಕಣ್ಣು ತೆಗೆದರು.

"ಘಟ್ಟದ ದುಡ್ಡಲ್ಲಿ ತಂದ ಎತ್ತಿನ ಹೆಸರು ಹಾಕ್ಲಿಲ್ವಲ್ಲ ಮಗಾ."

"ನೀವು ಹೇಳ್ಲಿಲ್ಲ ಅಜ್ಜಿ."

"ನೀನು ಕೇಳ್ಲಿಲ್ಲ. ಕೆಂಪ ಅಂತ. ಎಡಗಡೆ ಎತ್ತು. ಬಲಗಡೆ ಕಟ್ಟಿದ್ರೆ ಹೆಜ್ಜೆ ಇಡ್ತಿರ್ಲಿಲ್ಲ."

ಅಷ್ಟು ಹೊತ್ತಿಗೆ ಪುಸ್ತಕ ಬೈಂಡ್ ಆಗಿಹೋಗಿತ್ತು. ರಾತ್ರಿ ಅತ್ತೆ, ನಾನು ಇಬ್ಬರೂ ಕೂತು 40 ಪ್ರತಿಗೂ 21ನೇ ಪುಟದ ಅಂಚಿನಲ್ಲಿ ಪೆನ್ನಿನಿಂದ ಬರೆದೆವು. 'ಕೆಂಪ. ಎಡಗಡೆ ಎತ್ತು.' ಅತ್ತೆಯ ಅಕ್ಷರ ನಾಲ್ಕನೇ ಕ್ಲಾಸಿನದ್ದು, ದುಂಡಗೆ. ನನ್ನದಕ್ಕಿಂತ ಚೆನ್ನಾಗಿತ್ತು.