ಚೆಂಡೆಯ ಪಕ್ಕದಲ್ಲಿ ಕಿವಿ ಉಳಿಸಿಕೊಂಡ ಬಗೆ: ನನ್ನ ಅನುಭವ

ಯಕ್ಷಗಾನದ ತೆಂಕುತಿಟ್ಟಿನ (ದಕ್ಷಿಣದ ಶೈಲಿಯ) ಹಿಮ್ಮೇಳದಲ್ಲಿ ಭಾಗವತರ ಹಾಡಿಗೆ ಚೆಂಡೆ, ಮದ್ದಳೆ ಎರಡನ್ನೂ ನುಡಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. "ಕಿವಿಗೆ ಬೆಣೆ ಹಾಕಿಕೊಂಡರೆ ಭಾಗವತರ ಪದ ಕೇಳುವುದು ಹೇಗೆ ಮಾರಾಯ್ರೆ?" ಎಂದು ಕೇಳಿದವರೇ ಹೆಚ್ಚು. ಮೂರು ತಿರುಗಾಟ (ಮೇಳದ ವರ್ಷದ ಆಟಗಳ ಋತು) ಕಳೆದ ಮೇಲೆ ಧೈರ್ಯವಾಗಿ ಹೇಳುತ್ತೇನೆ: ಪದ ಕೇಳುತ್ತದೆ, ಬರಿಗಿವಿಗಿಂತ ಬಿಡಿಬಿಡಿಯಾಗಿ ಕೇಳುತ್ತದೆ.

ಹತ್ತಿಯ ವಿಷಯ ಬಿಡಿ, ಚೆಂಡೆಯ ಪೆಟ್ಟಿಗೆ ಅದು ಲೆಕ್ಕಕ್ಕೇ ಇಲ್ಲ. ಮೆಡಿಕಲ್‌ನಲ್ಲಿ ಜೋಡಿಗೆ ಹತ್ತಿಪ್ಪತ್ತು ರೂಪಾಯಿಗೆ ಸಿಗುವ ಸ್ಪಂಜಿನ ಪ್ಲಗ್ ಸರಿಯಾಗಿ ಒಳಗೆ ಕೂತರೆ 30 ಡೆಸಿಬಲ್‌ನಷ್ಟು ತಗ್ಗಿಸುತ್ತದೆ. ಆದರೆ ತೀಕ್ಷ್ಣ ಸ್ವರಗಳನ್ನು ಹೆಚ್ಚು ನುಂಗುತ್ತದೆ. ಕೋಲಿನ ಚುರುಕು ಹೋಗಿ ಬರೀ 'ದಬ್ ದಬ್' ಉಳಿಯುತ್ತದೆ. ಕೇಳಿಸದ್ದನ್ನು ಕೇಳಿಸಿಕೊಳ್ಳಲು ಕೈ ತಾನಾಗಿ ಜೋರಾಗುತ್ತದೆ, ಮಧ್ಯರಾತ್ರಿಗೆ ಮಣಿಕಟ್ಟು ಹಿಡಿಯುತ್ತದೆ. ಅರ್ಧ ತುರುಕಿದರೆ ಇನ್ನೂ ಕೆಟ್ಟದ್ದು: ಗುಡುಗು ಒಳಗೆ ಬರುತ್ತದೆ, ಸಾಹಿತ್ಯ ಹೊರಗೇ ಉಳಿಯುತ್ತದೆ. ಸ್ಪಂಜನ್ನು ನಾನು ಈಗ ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಮಲಗುವಾಗ ಮಾತ್ರ ಹಾಕುತ್ತೇನೆ.

ನಮಗೆ ಬೇಕಾದದ್ದು ಎಲ್ಲ ಸ್ವರಗಳನ್ನೂ ಒಂದೇ ಅಳತೆಯಲ್ಲಿ ತಗ್ಗಿಸುವ ಫಿಲ್ಟರ್. ಚೆಂಡೆ ಎಷ್ಟು ಇಳಿಯುತ್ತದೋ ಪದವೂ ಚಕ್ರತಾಳವೂ (ಲೋಹದ ತಾಳ) ಅಷ್ಟೇ ಇಳಿಯುತ್ತವೆ, ಅವುಗಳ ನಡುವಿನ ತೂಕ ಹಾಗೇ ಇರುತ್ತದೆ. ಎಟಿಮೋಟಿಕ್ ಕಂಪನಿಯ ಇಆರ್-9, ಇಆರ್-15, ಇಆರ್-25 ಎಂಬ ಗುಂಡಿಯಂಥ ಫಿಲ್ಟರ್‌ಗಳು ಈ ಕೆಲಸದವು. ಸಂಖ್ಯೆಯೇ ಹೆಚ್ಚುಕಡಿಮೆ ಡೆಸಿಬಲ್.

ಯಾವುದು ಸಾಕು? ಫೋನಿನ ಆ್ಯಪ್ ನಂಬಿ ನಾನು ಮೋಸ ಹೋದೆ. ಪೆಟ್ಟು ಬಿದ್ದಾಗ ಫೋನಿನ ಮೈಕ್ ತುಂಬಿಹೋಗಿ ಅಂಕಿ 90ರ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಆಮೇಲೆ ಸುಮಾರು ಎರಡೂವರೆ ಸಾವಿರ ಕೊಟ್ಟು ಸದ್ದು ಅಳೆಯುವ ಮೀಟರ್ ತಂದು, 'ಎ' (ಕಿವಿ ಕೇಳುವ ಬಗೆಗೆ ಹೊಂದುವ ಅಳತೆ) ಮತ್ತು 'ಸ್ಲೋ'ಗೆ (ನಿಧಾನದ ಸರಾಸರಿ) ಇಟ್ಟು, ಮದ್ದಳೆಗಾರನ ಕಿವಿಯ ಎತ್ತರದಲ್ಲಿ ಹಿಡಿದೆ. ನೆನಪಿನಿಂದ ಹೇಳುವುದಾದರೆ ಶಾಂತ ಪದ್ಯಗಳಿಗೆ 90 ಡೆಸಿಬಲ್‌ನ ಒಳಗೆ, ಬಣ್ಣದ ವೇಷದ (ರಾಕ್ಷಸ ಪಾತ್ರದ) ಪ್ರವೇಶಕ್ಕೆ 100 ದಾಟಿ. ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯೋಷ್ ಸಂಸ್ಥೆಯ ಮಿತಿ 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ, ಪ್ರತಿ 3 ಏರಿದಾಗ ಅವಧಿ ಅರ್ಧ. ಹಾಗಾಗಿ 100ಕ್ಕೆ ಬರೀ 15 ನಿಮಿಷ. 15ರ ಫಿಲ್ಟರ್ ಹಾಕಿದರೆ ಅದೇ ಸದ್ದು 85ಕ್ಕೆ ಇಳಿಯುತ್ತದೆ. ಆದರೆ ಅಬ್ಬರದ ಹೊತ್ತಿನಲ್ಲಿ "ಕಾಲು ಗಂಟೆ ತಾನೇ" ಎಂದು ಪ್ಲಗ್ ತೆಗೆದಿರೋ, ದಿನದ ಪಾಲು ಅಲ್ಲಿಗೇ ಮುಗಿಯಿತು. ಉಳಿದ ರಾತ್ರಿ ಪ್ಲಗ್ ಹಾಕಿಕೊಂಡು ಕೇಳಿದ್ದೆಲ್ಲ ಅದರ ಮೇಲಿನ ಖರ್ಚು.

ಹೆಚ್ಚು ದುಡ್ಡು ಹಾಳಾದದ್ದು ಅಚ್ಚಿನಲ್ಲಿ, ಅಂದರೆ ಈ ಫಿಲ್ಟರ್ ಕೂರಿಸಲು ನಮ್ಮ ಕಿವಿಯ ಅಳತೆಗೆ ಮಾಡಿಸುವ ಪ್ಲಗ್‌ನಲ್ಲಿ. ಮೊದಲನೆಯದನ್ನು ಶ್ರವಣಯಂತ್ರದ ಅಂಗಡಿಯೊಂದರಲ್ಲಿ ಮಾಡಿಸಿದೆ. ಗಟ್ಟಿ ಅಕ್ರಿಲಿಕ್, ಒಳಗೆ ಹೋಗುವ ಭಾಗ ಗಿಡ್ಡ, ಅಳತೆ ತೆಗೆದದ್ದು ಬಾಯಿ ಮುಚ್ಚಿಸಿ. ಎಲೆಯಡಿಕೆ ಜಗಿದರೆ ಕಿವಿಯ ನಾಳ ಅಗಲವಾಗುತ್ತದೆ, ಸಂದಿಯಿಂದ ಸದ್ದು ನುಗ್ಗುತ್ತದೆ. ಬಾಯಲ್ಲಿ ಜತಿ ಹೇಳಿಕೊಂಡರೆ ಕೊಡಪಾನದೊಳಗೆ ತಲೆ ಇಟ್ಟಂತೆ ಸ್ವಂತ ದನಿಯೇ ಗುಂಯ್‌ಗುಡುತ್ತದೆ. ನಾಲ್ಕು ಸಾವಿರದಷ್ಟು ಹೋಯಿತು.

ಎರಡನೇ ಸಲ ಆಡಿಯಾಲಜಿಸ್ಟ್ (ಶ್ರವಣ ತಜ್ಞ) ಬಳಿ ಮೂರು ಮಾತು ಒತ್ತಿ ಹೇಳಿದೆ. ನೂಲು ಕಟ್ಟಿದ ಸ್ಪಂಜಿನ ತಡೆಯನ್ನು ನಾಳದ ಎರಡನೇ ತಿರುವು ದಾಟಿಸಿ ಇಡಬೇಕು. ಅಳತೆಗೆಂದು ಕಿವಿಯೊಳಗೆ ತುಂಬುವ ಸಿಲಿಕಾನ್ ಗಟ್ಟಿಯಾಗುವ ತನಕ ಹಲ್ಲಿನ ನಡುವೆ ಕಟ್ಟಿಗೆಯ ತುಂಡು ಕಚ್ಚಿಸಿ ಬಾಯಿ ತೆರೆಸಿರಬೇಕು. ಅಚ್ಚು ಮೆತ್ತನೆಯ ಸಿಲಿಕಾನ್‌ನದೇ ಆಗಬೇಕು, ಹಾಲೆಯ ಮಟ್ಟಕ್ಕಿಂತ ಹೊರಗೆ ಚಾಚಬಾರದು. ಚಾಚಿದರೆ ಮುಂಡಾಸು ಅದನ್ನು ಒತ್ತಿ ಒತ್ತಿ ಒಂದು ಗಂಟೆಯಲ್ಲಿ ಕಿವಿ ಕೆಂಪಾಗುತ್ತದೆ. ಎರಡು ಜೋಡಿ ಫಿಲ್ಟರ್ ಸೇರಿ ಹದಿನಾಲ್ಕು ಸಾವಿರದ ಹತ್ತಿರ ಬಿತ್ತು. ಚೆಂಡೆಗೆ ಹೊಸ ಮುಚ್ಚಿಗೆ (ಚರ್ಮದ ಹೊದಿಕೆ) ಹಾಕಿಸುವಾಗ ಲೆಕ್ಕ ನೋಡದವರು ಇದಕ್ಕೂ ನೋಡಬೇಡಿ.

ಹಾಕಿಕೊಂಡು 'ಮ್' ಎಂದು ಗುನುಗಿ. ದನಿ ಎರಡೂ ಕಡೆ ಸಮನಾಗಿ ತುಂಬಬೇಕು. ಒಂದು ಕಡೆ ತೆಳುವಾದರೆ ಆ ಕಿವಿ ಸೋರುತ್ತಿದೆ.

ಚೆಂಡೆಗೆ ನಿಂತಾಗ ನನಗೆ ಎರಡೂ ಕಿವಿಗೆ 15. ಮದ್ದಳೆಗೆ ಕೂತಾಗ ಚೆಂಡೆಯ ಕಡೆಗೆ 25, ಭಾಗವತರ ಕಡೆಗೆ 15. ಮೊದಲ ಎರಡು ಮೂರು ಆಟ ರಂಗಸ್ಥಳವೇ ಒಂದು ಬದಿಗೆ ವಾಲಿದಂತೆ ಕೇಳುತ್ತದೆ, ಆಮೇಲೆ ಹೊಂದಿಕೊಳ್ಳುತ್ತದೆ. ಮಾನಿಟರ್ ಸ್ಪೀಕರನ್ನು ಯಾವ ಕೋನಕ್ಕೆ ಇಟ್ಟರೆ ಈ ಜೋಡಣೆ ಪೂರ್ತಿ ಕೂರುತ್ತದೆ ಎಂಬುದನ್ನು ಕಂಡುಕೊಳ್ಳಲು ಒಂದು ತಿರುಗಾಟವೇ ಹಿಡಿಯಿತು. ಅದನ್ನಿಲ್ಲಿ ಬರೆಯುವುದಿಲ್ಲ, ಎದುರು ಸಿಕ್ಕಿದರೆ ತೋರಿಸುತ್ತೇನೆ.

ಮಧ್ಯೆ ಚೆಂಡೆ-ಮದ್ದಳೆ ನಡುವೆ ಅಕ್ರಿಲಿಕ್ ಹಾಳೆ ನಿಲ್ಲಿಸಿಯೂ ನೋಡಿದೆ. ಕೋಲಿನ ಚುರುಕು ತಗ್ಗಿತು, ಚೆಂಡೆಗಾರರಿಗೆ ಸದ್ದು ತಿರುಗಿ ಬಡಿಯಿತು, ತೆಗೆದುಬಿಟ್ಟೆ. ಫಲ ಕೊಟ್ಟ ಪ್ರಯೋಗ ಬೇರೆಯೇ ಇದೆ: ಮನೆಯ ಅಭ್ಯಾಸಕ್ಕೆ ಹಳೆಯ ಟಯರ್ ಟ್ಯೂಬಿನ ರಬ್ಬರ್ ಬಿಗಿದ ಹಲಸಿನ ಹಲಗೆ. ತರಗತಿ ನಡೆಸುವವರಿಗಂತೂ ಇದು ಬೇಕೇ ಬೇಕು. ನಾಲ್ಕು ಗೋಡೆಯ ಕೋಣೆಯಲ್ಲಿ ಐದು ಚೆಂಡೆ ಒಟ್ಟಿಗೆ ಎದ್ದರೆ ಬಯಲಿನ ಆಟಕ್ಕಿಂತ ಅದೇ ಹೆಚ್ಚು ಅಪಾಯ, ಅಲ್ಲಿ ಕೂತಿರುವುದೂ ಮಕ್ಕಳು.

ಕಿವಿ ಪರೀಕ್ಷೆ ವರ್ಷಕ್ಕೊಮ್ಮೆ, 3000, 4000, 6000 ಹರ್ಟ್ಸ್ ಮೂರನ್ನೂ ಕೇಳಿ ಮಾಡಿಸಿ. ದೊಡ್ಡ ಸದ್ದಿನ ಪೆಟ್ಟು ಮೊದಲು ಕಾಣುವುದು ಅಲ್ಲಿ. ಆಟ ಮುಗಿಸಿ ಬೆಳಿಗ್ಗೆ ನೇರ ಹೋಗಬೇಡಿ, ಕನಿಷ್ಠ 14 ಗಂಟೆ ಸದ್ದಿಲ್ಲದೆ ಇದ್ದು ಹೋಗಿ, ಇಲ್ಲವಾದರೆ ತಾತ್ಕಾಲಿಕ ಮಂದವೂ ಲೆಕ್ಕಕ್ಕೆ ಸೇರುತ್ತದೆ. ನನ್ನ ಮೂರು ವರ್ಷದ ಪರೀಕ್ಷೆಯ ಗೆರೆ 4000ದಲ್ಲಿ ಕದಲಿಲ್ಲ, ಆಟದ ಮರುದಿನ ಕಿವಿಯೊಳಗೆ ಕೇಳುತ್ತಿದ್ದ ಕೀರಲು ನಿಂತಿದೆ.

ನಮ್ಮ ಕರಾವಳಿಯ ಸೆಕೆಗೆ ಅಚ್ಚನ್ನು ಬೆವರಿನ ಸಮೇತ ಡಬ್ಬಿಗೆ ಹಾಕಿದರೆ ಕಿವಿಗೆ ಬೂಸು ಬರುತ್ತದೆ. ಫಿಲ್ಟರ್ ಕಳಚಿ, ಅಚ್ಚನ್ನು ಮಾತ್ರ ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಆರಿದ ಮೇಲೆ ಜೋಡಿಸಿ. ಫಿಲ್ಟರಿಗೆ ನೀರು ತಾಗಬಾರದು. ಗುಗ್ಗೆ ಕಟ್ಟಿ ಚಕ್ರತಾಳ ಮಂಕಾಗಿ ಕೇಳಿದರೆ ಪಿನ್ನು ಹಾಕಿ ಕೆದಕಬೇಡಿ. ಒಳಗಿನ ತೆಳು ಪೊರೆ ಹರಿಯುತ್ತದೆ, ಹೊಸದೇ ಕೊಳ್ಳಬೇಕಾಗುತ್ತದೆ.