ಕಟ್ಟಿಗೆ ಗ್ಯಾಸ್ ಜನರೇಟರ್: ವಾಲ್ವ್ ಅಂಟುವುದು ನಿಂತದ್ದು ಹೀಗೆ

3 ಕೆವಿಎ ಪೆಟ್ರೋಲ್ ಜನರೇಟರ್ ಕಟ್ಟಿಗೆ ಗ್ಯಾಸಿನಲ್ಲಿ ರಾತ್ರಿ ಚೆನ್ನಾಗಿಯೇ ಓಡಿತ್ತು. ಬೆಳಿಗ್ಗೆ ಹಗ್ಗ ಎಳೆದರೆ ಕಂಪ್ರೆಶನ್ನೇ ಇಲ್ಲ. ಟಾರ್ (ಕಟ್ಟಿಗೆ ಹೊಗೆಯ ಅಂಟು) ಗಟ್ಟಿಯಾಗಿ, ಗ್ಯಾಸನ್ನು ಎಂಜಿನ್ನಿಗೆ ಒಳಬಿಡುವ ಇನ್‌ಟೇಕ್ ವಾಲ್ವ್ ತೆರೆದೇ ಅಂಟಿಕೊಂಡಿತ್ತು. ಥಿನ್ನರ್ ಹಾಕಿ ತೊಳೆದರೆ ಬಿಡುತ್ತದೆ, ಆದರೆ ವಾರದಲ್ಲಿ ಮತ್ತೆ ಅದೇ ಕತೆ.

ಮೂಲ ಇರುವುದು ಗ್ಯಾಸಿಫೈಯರಿನಲ್ಲಿ, ಅಂದರೆ ಸೌದೆಯನ್ನು ಕಡಿಮೆ ಗಾಳಿಯಲ್ಲಿ ಸುಟ್ಟು ಗ್ಯಾಸ್ ಮಾಡುವ ಒಲೆಯಲ್ಲಿ. ಮಲೆನಾಡಿನ ಮಳೆಗಾಲದಲ್ಲಿ ಕೊಟ್ಟಿಗೆಯೊಳಗಿನ ಸೌದೆಯೂ ತೇವ ಹೀರುತ್ತದೆ. ಆ ನೀರು ಆವಿಯಾಗಲು ಶಾಖ ಖರ್ಚಾಗಿ, ಅದರ ಕುತ್ತಿಗೆಯ (ಒಳಗಿನ ಕಿರಿದಾದ ಭಾಗದ) ಬೆಂಕಿ 1000 ಡಿಗ್ರಿ ಮುಟ್ಟದಿದ್ದರೆ ಟಾರ್ ಒಡೆಯುವುದಿಲ್ಲ. ಎರಡು ಬಲ್ಬಿಗಾಗಿ ಓಡಿಸಿದರೂ ಅದೇ ಗತಿ: ಎಂಜಿನ್ ಗಾಳಿ ಎಳೆಯುವುದು ಕಡಿಮೆಯಾದಷ್ಟೂ ಕೆಂಡ ತಣ್ಣಗಾಗುತ್ತದೆ.

ಈಗ ಸೌದೆಯನ್ನು 3–5 ಸೆಂ.ಮೀ. ತುಂಡು ಮಾಡಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುತ್ತೇನೆ. ಪರೀಕ್ಷೆ ಸುಲಭ: 1 ಕೆ.ಜಿ. ತುಂಡುಗಳನ್ನು ಓವನ್ನಿನಲ್ಲಿ 105 ಡಿಗ್ರಿಗೆ, ತೂಕ ಇಳಿಯುವುದು ನಿಲ್ಲುವ ತನಕ ಇಡಿ. 850 ಗ್ರಾಂ ಅಥವಾ ಹೆಚ್ಚು ಉಳಿದರೆ ಸೌದೆ ತಯಾರು. ಬ್ಯಾಟರಿ ಚಾರ್ಜರ್ ಮತ್ತು ಪಂಪ್ ಒಟ್ಟಿಗೆ ಹಾಕಿ ಲೋಡ್ 1 ಕಿಲೋವ್ಯಾಟಿಗಿಂತ ಇಳಿಯಲು ಬಿಡುವುದಿಲ್ಲ. ಗ್ಯಾಸಿಫೈಯರಿನ ಬ್ಲೋವರ್ (ಗಾಳಿ ಫ್ಯಾನ್) ಬಾಯಲ್ಲಿ ಗ್ಯಾಸಿಗೆ ಬೆಂಕಿ ಹಚ್ಚಿ, ಜ್ವಾಲೆ ಸ್ಥಿರವಾಗಿ ನಿಂತ ಮೇಲಷ್ಟೇ ಗ್ಯಾಸ್ ಎಂಜಿನ್ನಿಗೆ. ಆರಿಸುವ ಮುನ್ನ 5 ನಿಮಿಷ ಪೆಟ್ರೋಲಿನಲ್ಲಿ ಓಟ. ಇದೊಂದನ್ನು ಮಾತ್ರ ಎಂದೂ ತಪ್ಪಿಸಬೇಡಿ.

ಗ್ಯಾಸಿನಲ್ಲಿ ಸುಮಾರು ಐದನೇ ಒಂದು ಪಾಲು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ. ಎಲ್ಲವೂ ಬಯಲಲ್ಲೇ ಇರಲಿ.