ಗೋದಲಿಯ ತೊಟ್ಟಿಲು ಖಾಲಿ ಇರಲಿ: ಕ್ರಿಸ್ಮಸ್ ರಹಸ್ಯದ ಹತ್ತಿರ ಹೋಗುವುದು ಹೇಗೆ?

ಡಿಸೆಂಬರ್ ಬಂತೆಂದರೆ ಕಾಸರಗೋಡಿನ ಬೇಳ, ಕುಂಬಳೆ, ಮಂಜೇಶ್ವರ ಕಡೆಯ ನಮ್ಮ ಕ್ರೈಸ್ತ ಮನೆಗಳಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಕುಸ್ವಾರಿಗೆ, ಅಂದರೆ ಹಬ್ಬದ ತಿಂಡಿಗಳಿಗೆ, ಹಿಟ್ಟು ನಾದಬೇಕು, ಅಂಗಳದ ಹುಲ್ಲು ಕೀಳಬೇಕು, ನಕ್ಷತ್ರ ಕಟ್ಟಬೇಕು, ಗಲ್ಫಿನಿಂದ ಬರುವವರಿಗೆ ಕೋಣೆ ಸರಿಮಾಡಬೇಕು. ಇದೆಲ್ಲ ಬೇಕು, ಬೇಡ ಅನ್ನುವುದಿಲ್ಲ. ಆದರೆ 25ರ ಸಂಜೆ ಸುಸ್ತು ಮಾತ್ರ ಉಳಿದರೆ ಅದು ದೊಡ್ಡ ನಷ್ಟ. ನಾವು ನಂಬುವುದು ಸಣ್ಣ ಸಂಗತಿಯಲ್ಲ, ಅಲ್ವಾ? ಲೋಕವನ್ನೆಲ್ಲ ಉಂಟುಮಾಡಿದ ದೇವರು, ಕುತ್ತಿಗೆಯೂ ನಿಲ್ಲದ ಒಂದು ಕೂಸಾಗಿ, ಬಡ ಹೆಣ್ಣುಮಗಳೊಬ್ಬಳ ಮಡಿಲಿಗೆ ಬಂದ. ಎಷ್ಟು ಓದಿದವರ ತಲೆಗೂ ಇದು ಪೂರ್ತಿ ಹಿಡಿಸುವುದಿಲ್ಲ. ಅರ್ಥವಾದ ಮೇಲೆ ನಂಬೋಣ ಅಂತ ಕಾಯುತ್ತಾ ಕೂರಬೇಡಿ. ಮೊದಲು ಅದರ ಹತ್ತಿರ ಹೋಗಿ.

ಶುರು ಮಾಡಬೇಕಾದ್ದು ಆಗಮನ ಕಾಲದಲ್ಲಿ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಇದೆಯಲ್ಲ, ಅದು ಕಾಯುವ ಕಾಲ. ಒಂದು ಸ್ಟೀಲ್ ತಟ್ಟೆ, ತೋಟದ ನಾಲ್ಕು ಹಸಿರೆಲೆ, ನಾಲ್ಕು ಮೊಂಬತ್ತಿ ಸಾಕು. ಮೂರು ನೇರಳೆ, ಒಂದು ಗುಲಾಬಿ ಬಣ್ಣದ್ದು. ವಾರಕ್ಕೊಂದರಂತೆ ಹೆಚ್ಚಿಸುತ್ತಾ ಹಚ್ಚಿ, ಗುಲಾಬಿಯದ್ದು ಮೂರನೆಯ ವಾರಕ್ಕೆ. ಕರೆಂಟಿನ ದೀಪ ಆರಿಸಿ, ಮೊಬೈಲ್ ಬೇರೆ ಕೋಣೆಯಲ್ಲಿಟ್ಟು, ಐದು ನಿಮಿಷ ಎಲ್ಲರೂ ಸುಮ್ನೆ ಕುಳಿತುಕೊಳ್ಳಿ. ಮಕ್ಕಳು ಕಿಸಿಕಿಸಿ ನಗುತ್ತಾರೆ, ನಗಲಿ, ಎರಡನೇ ವಾರಕ್ಕೆ ತಾವೇ ಕಡ್ಡಿಪೆಟ್ಟಿಗೆ ಹುಡುಕುತ್ತಾರೆ. ಡಿಸೆಂಬರ್ 17ರಿಂದ 23ರವರೆಗೆ ಧರ್ಮಸಭೆ ಸಂಜೆಯ ಪ್ರಾರ್ಥನೆಯಲ್ಲಿ ಬರಲಿರುವವನನ್ನು ದಿನಕ್ಕೊಂದು ಹೆಸರಿನಿಂದ ಕರೆಯುತ್ತದೆ: ಜ್ಞಾನವೇ, ಒಡೆಯನೇ, ಜೆಸ್ಸೆಯ ಬುಡದ ಚಿಗುರೇ, ದಾವೀದನ ಕೀಲಿಕೈಯೇ, ಉದಯಸೂರ್ಯನೇ, ಜನಾಂಗಗಳ ಅರಸನೇ, ಕೊನೆಗೆ ಇಮ್ಮಾನುವೇಲನೇ. ಆ ಏಳು ರಾತ್ರಿ ಊಟಕ್ಕೆ ಮುಂಚೆ ಆ ದಿನದ ಹೆಸರು ಕರೆದು "ಬಾ" ಅನ್ನಿ. ಬೇರೆ ದೊಡ್ಡ ಪ್ರಾರ್ಥನೆ ಬೇಡ.

ಇನ್ನು ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು ತುಂಬಿದ ಗೋದಲಿ ಮಾಡಿಸಿ, ಎತ್ತು ಕತ್ತೆಗಳನ್ನು ತಂದು ನಿಲ್ಲಿಸಿ, ಅಲ್ಲಿಯೇ ಬಲಿಪೂಜೆ ನಡೆಯುವಂತೆ ಮಾಡಿದರು. ಬೆತ್ಲೆಹೇಮಿನಲ್ಲಿ ಆ ಕೂಸಿಗೆ ಏನೇನು ಇರಲಿಲ್ಲ ಎಂಬುದನ್ನು ಜನ ಕಣ್ಣಾರೆ ನೋಡಲಿ ಎಂಬುದು ಅವರ ಆಸೆ. ಹಾಗಾಗಿ ಸೀರಿಯಲ್ ಬಲ್ಬು ಕಮ್ಮಿಯಾದರೂ ಪರವಾಗಿಲ್ಲ, ಬೈಹುಲ್ಲು ನಿಜವಾದದ್ದಿರಲಿ. ಹಬ್ಬಕ್ಕೆ ಎಂಟು ಹತ್ತು ದಿನ ಮುಂಚೆ ತೆಂಗಿನ ಗೆರಟೆಗೆ ಮಣ್ಣು ತುಂಬಿ, ರಾತ್ರಿ ನೆನೆಸಿದ ಭತ್ತ ಒತ್ತೊತ್ತಾಗಿ ಉದುರಿಸಿ, ಮೇಲೆ ತೆಳುವಾಗಿ ಮಣ್ಣು ಹಾಕಿ. ದಿನಾ ನೀರು ಚಿಮುಕಿಸುವ ಕೆಲಸ ಮನೆಯ ಚಿಕ್ಕ ಮಗುವಿಗೇ ಬಿಡಿ. ಮೊದಲ ಮೂರ್ನಾಲ್ಕು ದಿನ ಬರೀ ಮಣ್ಣು ಕಾಣುತ್ತದೆ, ಮಗು ಬಂದು ಬಂದು ಇಣುಕುತ್ತದೆ, ಕೆದಕಲು ಬಿಡಬೇಡಿ. 24ಕ್ಕೆ ಬೆರಳುದ್ದದ ಹಸಿರು ನಿಂತಿರುತ್ತದೆ. ತೊಟ್ಟಿಲು ಮಾತ್ರ ಅಲ್ಲಿಯವರೆಗೂ ಖಾಲಿ ಇರಬೇಕು. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ: ಡಿಸೆಂಬರ್ 10ಕ್ಕೇ ಬಾಲಯೇಸುವನ್ನು ಮಲಗಿಸಿ ಫೋಟೊ ಹಾಕಿದರೆ ಮತ್ತೆ ಕಾಯಲು ಏನು ಉಳಿಯಿತು? ರಾತ್ರಿ ಪೂಜೆ ಮುಗಿಸಿ ಬಂದ ಮೇಲೆ ಮನೆಯ ಅತಿ ಹಿರಿಯರ ಕೈಯಿಂದ ಮಲಗಿಸಿ.

ಮಲಗಿಸುವಾಗ ಬೈಬಲಿನಲ್ಲಿ ಲೂಕನ ಸುವಾರ್ತೆಯ ಎರಡನೇ ಅಧ್ಯಾಯದ ಮೊದಲ ಇಪ್ಪತ್ತು ವಚನ ಒಬ್ಬರು ಗಟ್ಟಿಯಾಗಿ, ನಿಧಾನವಾಗಿ ಓದಲಿ. ಕುರುಬರ ಕಥೆ ಇರುವುದು ಲೂಕನಲ್ಲಿ, ನಕ್ಷತ್ರ ನೋಡಿ ಬಂದ ಜ್ಞಾನಿಗಳದ್ದು ಮತ್ತಾಯನಲ್ಲಿ. ಮೂವರೇ ಬಂದರು ಅಂತ ಮತ್ತಾಯ ಎಲ್ಲೂ ಬರೆದಿಲ್ಲ, ಮೂರು ಕಾಣಿಕೆ ಅಂತಷ್ಟೇ ಇದೆ. 19ನೇ ವಚನ ಬಂದಾಗ ಒಂದು ಕ್ಷಣ ನಿಲ್ಲಿಸಿ. ಕುರುಬರು ಹೇಳಿದ್ದಕ್ಕೆ ಎಲ್ಲರೂ ಬೆರಗಾದರು, ಮರಿಯಮ್ಮನವರು ಅದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಯೋಚಿಸುತ್ತಿದ್ದರು ಎಂದಿದೆ ಅಲ್ಲಿ. ಹೆತ್ತ ತಾಯಿಗೇ ಯೋಚಿಸಲು ಉಳಿದಿತ್ತು ಎಂದಮೇಲೆ ನಮಗೆ ಆತುರ ಯಾಕೆ?

ಇಗರ್ಜಿಯಲ್ಲಿ ಒಂದನ್ನು ಗಮನಿಸಿ. ನಮ್ಮ ನಂಬಿಕೆಯನ್ನು ಸಾರುವ ವಿಶ್ವಾಸ ಸಂಗ್ರಹ ಹೇಳುವಾಗ ದೇವರ ಮಗ ಮನುಷ್ಯನಾದ ಎಂಬ ಸಾಲಿಗೆ ಬೇರೆ ಭಾನುವಾರ ತಲೆಬಾಗುತ್ತೇವೆ, ಕ್ರಿಸ್ಮಸ್‌ಗೆ ಮೊಣಕಾಲೂರುತ್ತೇವೆ. ಹೊಸ ಸೀರೆ, ಇಸ್ತ್ರಿ ಪ್ಯಾಂಟು ಅಂತ ನೋಡದೆ ನಿಜವಾಗಿ ಊರಿ. ಹೇಳಲಾಗದ್ದನ್ನು ಮೈ ಹೇಳಲಿ. ಪಾಪನಿವೇದನೆಯನ್ನು ಒಂದು ವಾರ ಮುಂಚೆಯೇ ಮುಗಿಸಿಕೊಳ್ಳಿ, ಕೊನೆಯ ದಿನ ಸಾಲು ಜಾಸ್ತಿ.

ಈ ವರ್ಷ ಮನೆಯಲ್ಲಿ ಸಾವಾಗಿದ್ದರೆ? ಹಬ್ಬವೇ ಬೇಡ ಅನಿಸುತ್ತದೆ, ಸಹಜ. ನಗುಮುಖ ಹಾಕಲೇಬೇಕಾಗಿಲ್ಲ. 1890ರಲ್ಲಿ ಶುರುವಾದ ಬೇಳದ ಇಗರ್ಜಿ ಇರುವುದು ಶೋಕಮಾತೆಯ ಹೆಸರಿನಲ್ಲಿ. ಆ ಶೋಕದ ಮಾತು ಕೂಡ ಕ್ರಿಸ್ಮಸ್ ಕಥೆಯ ಒಳಗೇ ಇದೆ: ಕೂಸನ್ನು ದೇವಾಲಯಕ್ಕೆ ತಂದ ದಿನ ಮುದುಕ ಸಿಮೆಯೋನ, ನಿನ್ನ ಹೃದಯವನ್ನೂ ಅಲಗು ತಿವಿಯುವುದು ಎಂದು ತಾಯಿಗೆ ಹೇಳಿದ. ಆ ವಚನ ಓದಿ, ಅಳು ಬಂದರೆ ಗೋದಲಿಯ ಎದುರೇ ಅಳಿ. ಅವನು ಬಂದದ್ದು ಅಂಥ ಮನೆಗೇ.

ಕುಸ್ವಾರ್ ತಟ್ಟೆ ಹಂಚುವಾಗ ನೆವ್ರಿ, ಕಿಡಿಯೊ, ಚಕ್ಕುಲಿ ಎಲ್ಲ ಇರಲಿ, ಆದರೆ ಮೊದಲ ತಟ್ಟೆ ಯಾರೂ ಹೋಗದ ಮನೆಗೆ ಹೋಗಲಿ. ಬಾಗಿಲಲ್ಲೇ ಕೊಟ್ಟು ಓಡದೆ ಒಳಗೆ ಕುಳಿತು ಮಾತಾಡಿ ಬನ್ನಿ. ಪಕ್ಕದ ಮನೆಯ ಹಿಂದೂ, ಮುಸ್ಲಿಂ ಮಕ್ಕಳು ಗೋದಲಿ ನೋಡಲು ಬಂದರೆ ಕಥೆಯನ್ನು ನೇರವಾಗಿ, ಪ್ರೀತಿಯಿಂದ ಹೇಳಿ. ಉಪದೇಶ ಬೇಡ.

26ಕ್ಕೆ ಎಲ್ಲ ಬಿಚ್ಚಿಡಬೇಡಿ. 28 ಅರಸ ಹೆರೋದ ಕೊಲ್ಲಿಸಿದ ಹಸುಳೆಗಳ ದಿನ, ಅಂದು ಕಷ್ಟದಲ್ಲಿರುವ ಮಕ್ಕಳಿಗಾಗಿ ಪ್ರಾರ್ಥಿಸಿ, ಕೈಲಾದದ್ದು ಕೊಡಿ. ಜ್ಞಾನಿಗಳ ಬೊಂಬೆಗಳನ್ನು ದೂರದ ಕಿಟಕಿಯ ಹತ್ತಿರ ಇಟ್ಟು ದಿನಾ ಸ್ವಲ್ಪ ಸ್ವಲ್ಪ ಮುಂದೆ ಸರಿಸುತ್ತಾ ಜನವರಿ 6ಕ್ಕೆ ಗೋದಲಿಗೆ ಮುಟ್ಟಿಸಿ. ಆಮೇಲೆ ಬೊಂಬೆಗಳನ್ನು ಹಳೆ ಪೇಪರಿನಲ್ಲಿ ಸುತ್ತಿಡಿ, ಭತ್ತದ ಸಸಿ ದನಕ್ಕೆ ಹಾಕಿ.